ರಾತ್ರಿ ಹನ್ನೊಂದರ ಮೇಲೆ ಕಿರ್ರ್ ಅನ್ನುವ ಪಿಎಫ್‌ಸಿ ಬೋರ್ಡ್: ಕಾಯಿಲ್‌ನದೋ, ಲೈನ್‌ನದೋ?

ಪೀಣ್ಯ_ಬೆಸುಗೆ:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಯೂನಿಟ್‌ನಲ್ಲಿ ಬೀದಿದೀಪದ ಎಲ್ಇಡಿ ಡ್ರೈವರ್ ಡಿಸೈನ್ ಮಾಡುತ್ತೇನೆ. 150 ವ್ಯಾಟ್ ಔಟ್‌ಪುಟ್, ಇನ್‌ಪುಟ್ ಸುಮಾರು 165 ವ್ಯಾಟ್. ಮುಂದೆ ಎಲ್6562ಎ ಕಂಟ್ರೋಲ್ ಚಿಪ್ ಇಟ್ಟು ಬೂಸ್ಟ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸಿ ವೋಲ್ಟೇಜ್ ಏರಿಸುವ ಹಂತ), ಹಿಂದೆ ಎಲ್ಎಲ್‌ಸಿ (ಅದನ್ನು ಎಲ್ಇಡಿಗೆ ಬೇಕಾದಷ್ಟಕ್ಕೆ ಇಳಿಸುವ ಹಂತ). ಎರಡರ ನಡುವಿನ ಡಿಸಿ ಬಸ್ 400 ವೋಲ್ಟ್, ಕಾಯಿಲ್ 0.7 ಮಿಲಿಹೆನ್ರಿ, ಇಟಿಡಿ29 ಕೋರ್, 105 ಸುತ್ತು. 450 ವೋಲ್ಟಿನ 100 ಮೈಕ್ರೋಫ್ಯಾರಡ್ ಕೆಪಾಸಿಟರ್.

ಬೆಂಚಿನ ಮೇಲೆ ವೇರಿಯಾಕ್ (ಎಸಿ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿ 170ರಿಂದ 265 ವೋಲ್ಟಿನವರೆಗೆ ಓಡಿಸಿದ್ದೆ. ಪವರ್ ಫ್ಯಾಕ್ಟರ್ 0.97ಕ್ಕಿಂತ ಮೇಲೆ, ಬಿಸಿ ಕಡಿಮೆ, ಶಬ್ದ ಇಲ್ಲ. ತುಂಬ ಖುಷಿಯಾಗಿತ್ತು. ಆದರೆ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಕಿದ ದೀಪಗಳು ರಾತ್ರಿ ಹನ್ನೊಂದರ ಮೇಲೆ ಕಿರ್ರ್ ಅನ್ನುತ್ತವಂತೆ. ಜೀರುಂಡೆ ಕೂತ ಹಾಗೆ. ಕೆಳಗಿನ ಮನೆಯವರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಹೊತ್ತಿಗೆ ಸರಿ ಹೋಗುತ್ತದೆ. ಎರಡು ಬೋರ್ಡ್ ವಾಪಸ್ ತಂದು ಬೆಂಚಿಗೆ ಹಾಕಿದರೆ ಏನೂ ಇಲ್ಲ! ಯಾರಿಗಾದರೂ ಈ ಥರ ಆಗಿದೆಯಾ?

ಫೆರೈಟ್_ಅಂಗಡಿ:
ಕಾಯಿಲ್ ಸಡಿಲ ಇದೆ. ವ್ಯಾಕ್ಯೂಮ್ ವಾರ್ನಿಶ್ ಮಾಡಿಸಿ, ಕೋರ್ ನಡುವೆ ಎಪಾಕ್ಸಿ ಹಾಕಿ. ಆಗಲೂ ಶಬ್ದ ಬಂದರೆ ಇಂಡಕ್ಟನ್ಸ್ 1 ಮಿಲಿಹೆನ್ರಿಗೆ ಏರಿಸಿ. ರಿಪಲ್ ಕಡಿಮೆಯಾಗುತ್ತದೆ, ಶಬ್ದವೂ ಕಡಿಮೆಯಾಗುತ್ತದೆ.

ಹಳ್ಳಿ_ಲೈನು:
ಆ ಹೊತ್ತಿಗೆ ವೋಲ್ಟೇಜ್ ಎಷ್ಟಿತ್ತು, ಯಾರಾದರೂ ಅಳೆದರಾ? ನಮ್ಮ ಕಡೆ ಬೋರ್‌ವೆಲ್ ಪಂಪುಗಳಿಗೆ ತ್ರೀ ಫೇಸ್ ಇರುವಾಗ 180 ಬರುವುದೂ ಕಷ್ಟ. ತ್ರೀ ಫೇಸ್ ಹೋಗಿ ಊರು ಮಲಗಿದ ಮೇಲೆ ಅದೇ ಪ್ಲಗ್ಗಿನಲ್ಲಿ 270 ನೋಡಿದ್ದೇನೆ. ಪಂಪು ಓಡುವಾಗ ತಂತಿಯ ತುದಿಗೂ ಸಾಕಷ್ಟು ಸಿಗಲಿ ಎಂದು ಫೀಡರ್ ವೋಲ್ಟೇಜ್ ಮೇಲಿಟ್ಟಿರುತ್ತಾರೆ. ಪಂಪು ನಿಂತರೆ ತಂತಿಯಲ್ಲಿ ಡ್ರಾಪ್ ಇಲ್ಲ, ಪೂರ್ತಿ ವೋಲ್ಟೇಜ್ ಮನೆಗೆ ಬರುತ್ತದೆ. ನಿಮ್ಮ ಬೆಂಚು 265ಕ್ಕೆ ನಿಂತಿದೆ. ಊರು ನಿಂತಿಲ್ಲ.

ಸ್ಕೋಪ್_ಸುಮಾ:
ಹಳ್ಳಿ_ಲೈನು ಹೇಳಿದ್ದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ. ಫೆರೈಟ್_ಅಂಗಡಿಯವರೇ, ದಯವಿಟ್ಟು ಇಂಡಕ್ಟನ್ಸ್ ಏರಿಸಲು ಹೇಳಬೇಡಿ. ಇದು ಸಿಸಿಎಂ (ಕಾಯಿಲ್ ಕರೆಂಟ್ ಸೊನ್ನೆಗೆ ಇಳಿಯದೆ ಹರಿಯುತ್ತಲೇ ಇರುವ ಮೋಡ್) ಅಲ್ಲ. ಎಲ್6562ಎ ಓಡುವುದು ಕ್ರಿಟಿಕಲ್ ಕಂಡಕ್ಷನ್ ಮೋಡ್‌ನಲ್ಲಿ. ಕಾಯಿಲ್ ಕರೆಂಟ್ ಸೊನ್ನೆಗೆ ಇಳಿದ ಮೇಲೇ ಮಾಸ್‌ಫೆಟ್ (ಸ್ವಿಚ್) ಮತ್ತೆ ಆನ್ ಆಗುತ್ತದೆ. ಇಂಡಕ್ಟನ್ಸ್ ಏರಿಸಿದರೆ ಫ್ರೀಕ್ವೆನ್ಸಿ ಇನ್ನೂ ಇಳಿಯುತ್ತದೆ, ಶಬ್ದ ಇನ್ನೂ ಜಾಸ್ತಿ.

ಲೆಕ್ಕ ನೋಡಿ. ಸೈನ್ ಅಲೆಯ ನೆತ್ತಿಯಲ್ಲಿ ಫ್ರೀಕ್ವೆನ್ಸಿ ಎಷ್ಟು? ಎಸಿ ವೋಲ್ಟೇಜಿನ ವರ್ಗವನ್ನು, ಬಸ್ ವೋಲ್ಟೇಜಿನಲ್ಲಿ ಪೀಕ್ ಕಳೆದು ಉಳಿದದ್ದರಿಂದ ಗುಣಿಸಿ. ಅದನ್ನು 2 × ಇಂಡಕ್ಟನ್ಸ್ × ಇನ್‌ಪುಟ್ ಪವರ್ × ಬಸ್ ವೋಲ್ಟೇಜ್‌ನಿಂದ ಭಾಗಿಸಿ. ನಿಮ್ಮ ಅಂಕಿ ಹಾಕಿದರೆ:

170 ವೋಲ್ಟಿನಲ್ಲಿ ಸುಮಾರು 50 ಕಿಲೋಹರ್ಟ್ಜ್
230ರಲ್ಲಿ ಸುಮಾರು 43
265ರಲ್ಲಿ ಸುಮಾರು 19
270ರಲ್ಲಿ ಸುಮಾರು 14

ನೀವು ಕಾಯಿಲ್ ಲೆಕ್ಕ ಮಾಡಿದ್ದು 170 ವೋಲ್ಟಿಗೆ 50 ಕಿಲೋಹರ್ಟ್ಜ್ ಅಂತ ಅಲ್ವಾ? ಲೋ ಲೈನ್‌ನಲ್ಲಿ ಕರೆಂಟ್ ಜಾಸ್ತಿ, ಹಾಗಾಗಿ ಎಲ್ಲರ ಗಮನ ಅಲ್ಲೇ ಇರುತ್ತದೆ. ಆದರೆ 270ರ ಪೀಕ್ 382 ವೋಲ್ಟ್. ಬಸ್ 400. ಕಾಯಿಲ್ ಖಾಲಿಯಾಗಲು ಇರುವುದು ಬರೀ 18 ವೋಲ್ಟ್! ಪಾಪ, ಅದು ನಿಧಾನವಾಗಿಯೇ ಖಾಲಿಯಾಗಬೇಕು. ಫ್ರೀಕ್ವೆನ್ಸಿ ಕಿವಿಗೆ ಕೇಳುವಷ್ಟು ಕೆಳಗೆ ಬಂತು.

ಪೀಣ್ಯ_ಬೆಸುಗೆ:
ಅಯ್ಯೋ. ಹೌದು, 170ಕ್ಕೇ ಲೆಕ್ಕ ಮಾಡಿದ್ದೆ. ಹೈ ಲೈನ್‌ನಲ್ಲಿ ಎಲ್ಲ ಸುಲಭ ಅಂದುಕೊಂಡಿದ್ದೆ.

ಫೆರೈಟ್_ಅಂಗಡಿ:
ಸುಮಾ ಅವರೇ, ಒಪ್ಪಿದೆ. ನಾನು ಸಿಸಿಎಂ ಕಾಯಿಲ್‌ಗಳನ್ನೇ ಜಾಸ್ತಿ ಸುತ್ತುವುದು, ಆ ಅಭ್ಯಾಸದಲ್ಲಿ ಹೇಳಿಬಿಟ್ಟೆ. ಆದರೆ ವಾರ್ನಿಶ್ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ವಾರ್ನಿಶ್ ಇಲ್ಲದ ಕಾಯಿಲ್ ಬೀದಿಯಲ್ಲಿ ಮಳೆ, ಧೂಳು ತಿಂದು ಎಷ್ಟು ದಿನ ಬಾಳುತ್ತದೆ?

ಕೊನೆ_ಸೆಮಿಸ್ಟರ್:
ನಾನು ಡಿಪ್ಲೊಮಾ ಓದುತ್ತಿದ್ದೇನೆ. ದಡ್ಡ ಪ್ರಶ್ನೆ ಆದರೆ ಕ್ಷಮಿಸಿ. ಇಷ್ಟೆಲ್ಲ ಕಷ್ಟ ಯಾಕೆ? ಬ್ರಿಜ್ ರೆಕ್ಟಿಫೈಯರ್ ಹಾಕಿ, ದೊಡ್ಡ ಕೆಪಾಸಿಟರ್ ಇಟ್ಟು, ನೇರವಾಗಿ ಎಲ್ಎಲ್‌ಸಿಗೆ ಕೊಡಬಹುದಲ್ಲ? ಪವರ್ ಫ್ಯಾಕ್ಟರ್ ಬೇಕಾದರೆ ಲೈನಿಗೆ ಒಂದು ಕೆಪಾಸಿಟರ್ ಕಟ್ಟಿದರೆ ಆಗುವುದಿಲ್ಲವೇ, ಮೋಟಾರಿಗೆ ಕಟ್ಟುವ ಹಾಗೆ?

ಹಳೇ_ಟ್ರಾನ್ಸ್‌ಫಾರ್ಮರ್:
ದಡ್ಡ ಪ್ರಶ್ನೆ ಅಲ್ಲ ತಮ್ಮಾ, ಎಲ್ಲರೂ ಕೇಳಬೇಕಾದ ಪ್ರಶ್ನೆ.

ದೊಡ್ಡ ಕೆಪಾಸಿಟರ್ ಇಟ್ಟರೆ ಅದು ಪೀಕ್ ಹತ್ತಿರ ಮಾತ್ರ ತುಂಬುತ್ತದೆ. ಹತ್ತು ಮಿಲಿಸೆಕೆಂಡಿನ ಅರ್ಧ ಅಲೆಯಲ್ಲಿ ಎರಡು ಮೂರು ಮಿಲಿಸೆಕೆಂಡ್ ಅಷ್ಟೇ ಕರೆಂಟ್ ಎಳೆಯುತ್ತದೆ, ಅದೂ ಗಬಕ್ಕನೆ. ಪವರ್ ಫ್ಯಾಕ್ಟರ್ 0.6ರ ಆಸುಪಾಸಿಗೆ ಬರುತ್ತದೆ. 165 ವ್ಯಾಟ್‌ಗೆ 230 ವೋಲ್ಟಿನಲ್ಲಿ 0.72 ಆಂಪಿಯರ್ ಸಾಕು, ಆದರೆ ಇದು 1.2 ಆಂಪಿಯರ್ ಎಳೆಯುತ್ತದೆ. ಹೆಚ್ಚಿನ ಕರೆಂಟ್ ತಂತಿ ಬಿಸಿ ಮಾಡುವುದಕ್ಕೆ ಮಾತ್ರ.

ಮೋಟಾರಿನ ಕರೆಂಟ್ ಆಕಾರ ಕೆಟ್ಟಿರುವುದಿಲ್ಲ, ಸ್ವಲ್ಪ ಹಿಂದೆ ಬಿದ್ದಿರುತ್ತದೆ. ಕೆಪಾಸಿಟರ್ ಕಟ್ಟಿ ಅದನ್ನು ಮುಂದೆ ಎಳೆಯಬಹುದು. ಇಲ್ಲಿ ಆಕಾರವೇ ಕೆಟ್ಟಿದೆ. ಮೂರನೇ, ಐದನೇ, ಏಳನೇ ಹಾರ್ಮೋನಿಕ್ (50 ಹರ್ಟ್ಜ್‌ನ ಮೂರು, ಐದು, ಏಳು ಪಟ್ಟು ಫ್ರೀಕ್ವೆನ್ಸಿಯ ಕರೆಂಟ್) ತುಂಬಿದೆ. ಲೈನಿಗೆ ಕೆಪಾಸಿಟರ್ ಕಟ್ಟಿ ಅದನ್ನು ಸರಿ ಮಾಡಲು ಆಗುವುದಿಲ್ಲ. ಪ್ಲಗ್ಗಿಗೆ ಹಾಕಿದರೆ ಬಿಲ್ ಅರ್ಧ ಆಗುತ್ತದೆ ಅಂತ ಮಾರುವ ಡಬ್ಬಿಯಲ್ಲೂ ಇರುವುದು ಅದೇ ಕೆಪಾಸಿಟರ್. ಮನೆ ಮೀಟರ್ ಯೂನಿಟ್ ಲೆಕ್ಕ ಹಾಕುತ್ತದೆ, ಆ ಡಬ್ಬಿಯಿಂದ ಯೂನಿಟ್ ಇಳಿಯುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡ.

ಇನ್ನೊಂದು ನ್ಯೂಟ್ರಲ್ ವಿಷಯ. ಮೂರು ಫೇಸಿನ ಸಮ ಲೋಡ್‌ನಲ್ಲಿ ನ್ಯೂಟ್ರಲ್‌ನಲ್ಲಿ ಕರೆಂಟ್ ಇರಬಾರದು ಅಂತ ಓದಿರುತ್ತೀಯ. ಮೂರನೇ ಹಾರ್ಮೋನಿಕ್ ಹಾಗಲ್ಲ, ಮೂರೂ ಫೇಸಿನದು ನ್ಯೂಟ್ರಲ್‌ನಲ್ಲಿ ಕೂಡುತ್ತದೆ. ಫೇಸಿಗಿಂತ 1.7 ಪಟ್ಟುವರೆಗೆ ಹೋಗಬಹುದು. ಒಂದು ಕಟ್ಟಡದಲ್ಲಿ ಅಗ್ಗದ ಬಲ್ಬು, ಕಂಪ್ಯೂಟರ್ ತುಂಬಿ ನ್ಯೂಟ್ರಲ್ ಲಿಂಕ್ ಕಪ್ಪಗೆ ಸುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೂರು ಫೇಸ್ ತಂತಿಗಳು ತಣ್ಣಗಿದ್ದವು. ಆವತ್ತಿನಿಂದ ಹಾರ್ಮೋನಿಕ್ ಅಂದರೆ ನನಗೆ ಪುಸ್ತಕದ ವಿಷಯ ಅಲ್ಲ.

ಸ್ಕೋಪ್_ಸುಮಾ:
ಇದಕ್ಕೊಂದು ಸೇರಿಸುತ್ತೇನೆ. ಹಾರ್ಮೋನಿಕ್ ಮಿತಿ ಹೇಳುವ ಐಇಸಿ 61000-3-2 ಮಾನದಂಡದಲ್ಲಿ ದೀಪಗಳು ಸಿ ಕ್ಲಾಸ್. 25 ವ್ಯಾಟ್ ಮೇಲಿನ ದೀಪದಲ್ಲಿ ಮೂರನೇ ಹಾರ್ಮೋನಿಕ್ ಮೂಲ ಕರೆಂಟಿನ ಶೇ. 27 ಮೀರಬಾರದು. ಐದನೆಯದು ಶೇ. 10, ಏಳನೆಯದು ಶೇ. 7. ಬರೀ ಬ್ರಿಜ್ ಮತ್ತು ಕೆಪಾಸಿಟರ್‌ನಿಂದ ಇದರ ಹತ್ತಿರವೂ ಹೋಗಲು ಆಗುವುದಿಲ್ಲ.

ಕೊನೆ_ಸೆಮಿಸ್ಟರ್:
ತುಂಬ ಥ್ಯಾಂಕ್ಸ್. ಕ್ಲಾಸಿನಲ್ಲಿ ಕಾಸ್ ಫೈ (ಕರೆಂಟ್ ಹಿಂದೆ ಬೀಳುವ ಲೆಕ್ಕ) ಅಷ್ಟೇ ಹೇಳಿದ್ದರು. ಓದಲು ಎಲ್ಲಿಂದ ಶುರು ಮಾಡಲಿ?

ಹಳೇ_ಟ್ರಾನ್ಸ್‌ಫಾರ್ಮರ್:
ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಎಸ್‌ಸಿಯ ಪ್ರೊ. ಎಲ್. ಉಮಾನಂದ್ ಅವರ ಪವರ್ ಎಲೆಕ್ಟ್ರಾನಿಕ್ಸ್ ಪಾಠಗಳಿವೆ, ದುಡ್ಡು ಕೊಡಬೇಕಿಲ್ಲ. ಪೆನ್ನು ಹಿಡಿದು ಕೂತು ನೋಡು, ಸುಮ್ನೆ ಓಡಿಸಬೇಡ.

ಟೋಟೆಮ್_ಪೋಲ್:
ನಾನು ಸರ್ವರ್ ಪವರ್ ಸಪ್ಲೈ ಡಿಸೈನ್ ಮಾಡುವ ಟೀಮ್‌ನಲ್ಲಿದ್ದೇನೆ. ಇನ್ನೂ ಯಾಕೆ ಡಯೋಡ್ ಬ್ರಿಜ್? ಬ್ರಿಜ್ ಇಲ್ಲದ ಟೋಟೆಮ್ ಪೋಲ್ (ಡಯೋಡ್ ಬದಲು ಸ್ವಿಚ್ಚುಗಳೇ ಇರುವ ಸರ್ಕ್ಯೂಟ್), ಗ್ಯಾಲಿಯಂ ನೈಟ್ರೈಡ್ ಸ್ವಿಚ್ ಹಾಕಿದರೆ ಪಿಎಫ್‌ಸಿ ಒಂದರದೇ ದಕ್ಷತೆ ಶೇ. 99ರ ಹತ್ತಿರ ಹೋಗುತ್ತದೆ. 80 ಪ್ಲಸ್ ಟೈಟೇನಿಯಂ ದಕ್ಷತೆಯ ಸರ್ಟಿಫಿಕೇಟ್ ಅಂದರೆ 230 ವೋಲ್ಟಿನಲ್ಲಿ ಅರ್ಧ ಲೋಡಿಗೆ ಇಡೀ ಸಪ್ಲೈ ಶೇ. 96 ಇರಬೇಕು. ಬ್ರಿಜ್ ಇಟ್ಟುಕೊಂಡು ಅಲ್ಲಿಗೆ ಮುಟ್ಟುವುದು ತುಂಬಾ ಕಷ್ಟ. ಕನಿಷ್ಠ ಬೂಸ್ಟ್ ಡಯೋಡನ್ನಾದರೂ ಸಿಲಿಕಾನ್ ಕಾರ್ಬೈಡ್‌ಗೆ ಬದಲಿಸಿ.

ಪೀಣ್ಯ_ಬೆಸುಗೆ:
ಸರ್, ನಮ್ಮದು ಬೀದಿದೀಪ. ಬೋರ್ಡ್ ಬೆಲೆ ಹತ್ತು ರೂಪಾಯಿ ಏರಿದರೂ ಟೆಂಡರ್ ಕೈ ತಪ್ಪುತ್ತದೆ.

ಸ್ಕೋಪ್_ಸುಮಾ:
ದುಡ್ಡಿನ ಮಾತು ಬಿಡಿ, ಇಲ್ಲಿ ಸಿಲಿಕಾನ್ ಕಾರ್ಬೈಡ್‌ಗೆ ಕೆಲಸವೇ ಇಲ್ಲ. ಸಿಸಿಎಂನಲ್ಲಿ ಡಯೋಡ್ ಕರೆಂಟ್ ಹರಿಯುತ್ತಿರುವಾಗಲೇ ಮಾಸ್‌ಫೆಟ್ ಆನ್ ಆಗುತ್ತದೆ. ಆಗ ರಿವರ್ಸ್ ರಿಕವರಿ ಕರೆಂಟ್ (ಡಯೋಡ್ ಮುಚ್ಚುವ ಮುನ್ನ ಕ್ಷಣಕಾಲ ಹಿಂದಕ್ಕೆ ಹರಿಯುವುದು) ಮಾಸ್‌ಫೆಟ್ ಮೇಲೆ ಬೀಳುತ್ತದೆ, ಅಲ್ಲಿ ಸಿಲಿಕಾನ್ ಕಾರ್ಬೈಡ್ ದೊಡ್ಡ ಉಪಕಾರ. ಇಲ್ಲಿ ಡಯೋಡ್ ಕರೆಂಟ್ ತಾನಾಗಿಯೇ ಸೊನ್ನೆಗೆ ಬಂದಿರುತ್ತದೆ, ರಿಕವರಿ ನಷ್ಟ ಹೆಚ್ಚುಕಡಿಮೆ ಇಲ್ಲ. ಸಾಧಾರಣ ಅಲ್ಟ್ರಾಫಾಸ್ಟ್ ಸಾಕು. ಬ್ರಿಜ್ಜಿನಲ್ಲಿ ಹೋಗುವುದು ಸರಾಸರಿ 0.65 ಆಂಪಿಯರ್, ಎರಡು ಡಯೋಡಿನ ಡ್ರಾಪ್ 1.8 ವೋಲ್ಟ್ ಹಿಡಿದರೆ 1.2 ವ್ಯಾಟ್. ಅದಕ್ಕಾಗಿ ನಾಲ್ಕು ಸ್ವಿಚ್ಚು, ಡ್ರೈವರ್, ಕಂಟ್ರೋಲರ್ ಹಾಕಬೇಕಾ? 1 ಕಿಲೋವ್ಯಾಟ್‌ಗೆ ಹೌದು. 150 ವ್ಯಾಟ್‌ನ ಬೀದಿದೀಪಕ್ಕೆ ಬೇಡ.

ಟೋಟೆಮ್_ಪೋಲ್:
ಡಯೋಡ್ ವಿಷಯದಲ್ಲಿ ನೀವು ಸರಿ, ಕ್ರಿಟಿಕಲ್ ಮೋಡ್ ಅನ್ನುವುದನ್ನು ನಾನು ಗಮನಿಸಲಿಲ್ಲ. ಆದರೆ ಹೈ ಲೈನ್‌ನಲ್ಲಿ ಮಾಸ್‌ಫೆಟ್ ಆನ್ ಆಗುವ ವೋಲ್ಟೇಜ್ ನೋಡಿ. ಕರೆಂಟ್ ಸೊನ್ನೆಯಾದ ಮೇಲೆ ಡ್ರೇನ್ ರಿಂಗ್ ಆಗಿ ಇಳಿಯುತ್ತದಲ್ಲ, ಅದು ಇಳಿಯುವುದು ಇನ್‌ಪುಟ್ಟಿನ ಎರಡು ಪಟ್ಟಿನಲ್ಲಿ ಬಸ್ ಕಳೆದಷ್ಟಕ್ಕೆ. ಇನ್‌ಪುಟ್ 200ಕ್ಕಿಂತ ಕೆಳಗಿದ್ದರೆ ಸೊನ್ನೆಗೆ ಮುಟ್ಟುತ್ತದೆ. 230ರ ಪೀಕಿನಲ್ಲಿ 250 ವೋಲ್ಟಿಗೆ ನಿಲ್ಲುತ್ತದೆ. 270ರ ಪೀಕಿನಲ್ಲಿ 364! ಅಂದರೆ ವ್ಯಾಲಿ ಸ್ವಿಚಿಂಗ್ (ವೋಲ್ಟೇಜ್ ಕೆಳಗಿಳಿದಾಗ ಆನ್ ಮಾಡುವುದು) ಹೆಸರಿಗೆ ಮಾತ್ರ. ಔಟ್‌ಪುಟ್ ಕೆಪಾಸಿಟನ್ಸ್ ಕಡಿಮೆ ಇರುವ ಮಾಸ್‌ಫೆಟ್ ಹಾಕಿ.

ಎಸ್ಪಿ_ರೋಡ್_ಗಿರಾಕಿ:
ಮಾಸ್‌ಫೆಟ್ ಅಂದಾಗ ನೆನಪಾಯಿತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬಿಡಿಯಾಗಿ ಕೊಳ್ಳುವಾಗ ನೋಡಿ ಕೊಳ್ಳಿ. ಹೊರಗಿನ ಪ್ರಿಂಟ್ ಸರಿ ಇರುತ್ತದೆ, ಒಳಗಿನ ಚಿಪ್ ಚಿಕ್ಕದಿರುತ್ತದೆ. ನನ್ನ ಹತ್ತು ಬೋರ್ಡಿನಲ್ಲಿ ನಾಲ್ಕು ಒಂದೇ ಸಂಜೆ ಹೋದವು. ಗೇಟ್ ಕೆಪಾಸಿಟನ್ಸ್ ಅಳೆದು ಡೇಟಾಶೀಟಿಗೆ ಹೋಲಿಸಿದರೆ ಗೊತ್ತಾಗುತ್ತದೆ.

ಪೀಣ್ಯ_ಬೆಸುಗೆ:
ಸ್ನೇಹಿತರೇ, ನಾಳೆ 300 ವೋಲ್ಟಿನ ವೇರಿಯಾಕ್ ಸಿಗುತ್ತದೆ. ಗೇಟ್ ಪಿನ್ ಸ್ಕೋಪಿನಲ್ಲಿ ನೋಡುತ್ತೇನೆ. ಆದರೆ ನಮ್ಮ ಹತ್ತಿರ ಡಿಫರೆನ್ಷಿಯಲ್ ಪ್ರೋಬ್ (ಲೈನಿಗೆ ಸೇರಿದ ಸರ್ಕ್ಯೂಟನ್ನು ಅರ್ಥ್‌ಗೆ ತಾಗಿಸದೆ ಅಳೆಯುವ ಪ್ರೋಬ್) ಇಲ್ಲ.

ಅವಸರದ_ಆಂಪಿಯರ್:
ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕಿ, ಅಷ್ಟೇ. ನಾವೆಲ್ಲ ಹಾಗೇ ಮಾಡುವುದು.

ಹಳೇ_ಟ್ರಾನ್ಸ್‌ಫಾರ್ಮರ್:
ಬೇಡ, ಬೇಡ, ಬೇಡ. ಹಾಗೆ ಮಾಡಿದರೆ ಸ್ಕೋಪಿನ ಲೋಹದ ಮೈಯೆಲ್ಲ ಲೈವ್ ಆಗುತ್ತದೆ. ಬಿಎನ್‌ಸಿ ಕನೆಕ್ಟರ್ ಮುಟ್ಟಿದರೆ ಮುಗಿಯಿತು. ಬೋರ್ಡಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಲೈನಿನಿಂದ ಬೇರ್ಪಡಿಸುವುದು) ಹಾಕಿ, ಸ್ಕೋಪಿನ ಅರ್ಥ್ ಇದ್ದ ಹಾಗೇ ಇರಲಿ. ವೇರಿಯಾಕ್ ಐಸೊಲೇಷನ್ ಕೊಡುವುದಿಲ್ಲ, ಅದರಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಇರುವುದು ಒಂದೇ ವೈಂಡಿಂಗ್. ಸ್ವಿಚ್ ಆಫ್ ಮಾಡಿದ ಮೇಲೂ 100 ಮೈಕ್ರೋಫ್ಯಾರಡ್‌ನಲ್ಲಿ 400 ವೋಲ್ಟಿಗೆ 8 ಜೂಲ್ ಉಳಿದಿರುತ್ತದೆ. 10 ಕಿಲೋಓಮ್ ವೈರ್‌ವೌಂಡ್ ರೆಸಿಸ್ಟರ್ ಹತ್ತು ಸೆಕೆಂಡ್ ಹಿಡಿದು, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ನನ್ನ ಜೊತೆ ಕೆಲಸ ಮಾಡುತ್ತಿದ್ದವನ ಕೈ ಇನ್ನೂ ಸರಿಯಾಗಿ ಮಡಚುವುದಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಅವಸರದ_ಆಂಪಿಯರ್:
ಸರಿ ಸರ್. ಇನ್ನು ಹಾಗೆ ಹೇಳುವುದಿಲ್ಲ, ಮಾಡುವುದೂ ಇಲ್ಲ.

ಪೀಣ್ಯ_ಬೆಸುಗೆ:
ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಾಡಿಗೆಗೆ ತಂದೆ. ಸಿಕ್ಕಿದ್ದು ಇದು, ಓದಿ.

265ರಲ್ಲಿ ಶಬ್ದ ಇಲ್ಲ. 266, 267, ಇಲ್ಲ. 268ಕ್ಕೆ ತಟ್ಟನೆ ಕಿರ್ರ್ ಶುರು! ನಿಧಾನವಾಗಿ ಏರಲಿಲ್ಲ, ಸ್ವಿಚ್ ಹಾಕಿದ ಹಾಗೆ ಬಂತು. ಗೇಟ್ ನೋಡಿದರೆ ಅರ್ಧ ಅಲೆಯ ನೆತ್ತಿಯಲ್ಲಿ ಪಲ್ಸುಗಳ ನಡುವೆ ಸುಮಾರು 180 ಮೈಕ್ರೋಸೆಕೆಂಡ್ ಖಾಲಿ. ಅಂದರೆ 5 ಕಿಲೋಹರ್ಟ್ಜ್‌ನ ಸ್ವಲ್ಪ ಮೇಲೆ. ಸುಮಾ ಅವರ ಲೆಕ್ಕದ 14 ಅಲ್ಲ. 272ಕ್ಕೆ ಏರಿಸಿದರೆ ಹೀಗೆ ಪಲ್ಸು ವಿರಳವಾಗಿರುವ ಭಾಗ ಇನ್ನೂ ಅಗಲ, ಒಂದು ಮಿಲಿಸೆಕೆಂಡಿನಷ್ಟು. ಇನ್‌ಪುಟ್ ಕರೆಂಟಿನ ನೆತ್ತಿಯಲ್ಲಿ ಗುಂಡಿ ಬಿದ್ದಿದೆ.

ಸ್ಕೋಪ್_ಸುಮಾ:
268ಕ್ಕೆ ತಟ್ಟನೆ? 180 ಮೈಕ್ರೋಸೆಕೆಂಡ್? ಅದು ಚಿಪ್ಪಿನೊಳಗಿನ ಸ್ಟಾರ್ಟರ್ ಟೈಮರ್! ಜೆಡ್‌ಸಿಡಿ (ಕಾಯಿಲ್ ಕರೆಂಟ್ ಸೊನ್ನೆಗೆ ಬಂತು ಅಂತ ಹೇಳುವ) ಸಿಗ್ನಲ್ ಬರದಿದ್ದರೆ ಚಿಪ್ ಕಾದು ಕಾದು ತಾನಾಗಿಯೇ ಒಂದು ಪಲ್ಸ್ ಕೊಡುತ್ತದೆ. ನಿಮ್ಮ ಜೆಡ್‌ಸಿಡಿ ವೈಂಡಿಂಗ್ ಎಷ್ಟು ಸುತ್ತು?

ಪೀಣ್ಯ_ಬೆಸುಗೆ:
ಮೇನ್ 105, ಜೆಡ್‌ಸಿಡಿ 7.

ಸ್ಕೋಪ್_ಸುಮಾ:
15ಕ್ಕೆ 1. ಸಿಕ್ಕಿತು.

ಆ ಪಿನ್ ಮೊದಲು 1.4 ವೋಲ್ಟ್ ದಾಟಿ ಏರಬೇಕು, ಆಮೇಲೆ 0.7ಕ್ಕೆ ಇಳಿದಾಗ ಮಾಸ್‌ಫೆಟ್ ಆನ್. ವೈಂಡಿಂಗ್‌ನಲ್ಲಿ ಬರುವುದು ಬಸ್ ಮತ್ತು ಇನ್‌ಪುಟ್ಟಿನ ವ್ಯತ್ಯಾಸ ಭಾಗಿಸು 15. 1.4 ಸಿಗಬೇಕಾದರೆ ವ್ಯತ್ಯಾಸ 21 ವೋಲ್ಟ್ ಇರಬೇಕು. ಅಂದರೆ ಇನ್‌ಪುಟ್ ಪೀಕ್ 379 ದಾಟಬಾರದು. 379 ಅಂದರೆ ಎಸಿ 268! ನಿಮ್ಮ ಕಿವಿ ಹೇಳಿದ್ದೂ ಅದೇ ಅಂಕಿ. 268ರ ಮೇಲೆ ಅಲೆಯ ನೆತ್ತಿಯಲ್ಲಿ ಚಿಪ್ಪಿಗೆ ಕಾಯಿಲ್ ಖಾಲಿಯಾಗಿದ್ದು ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 100 ಸಲ ನಾಲ್ಕಾರು ಪಲ್ಸು ನಿಧಾನವಾಗಿ ಬರುತ್ತವೆ. ಅದೇ ನಿಮ್ಮ ಜೀರುಂಡೆ.

ಫೆರೈಟ್_ಅಂಗಡಿ:
ಅಬ್ಬಾ. ಎಷ್ಟು ಚೆನ್ನಾಗಿ ಕೂತಿತು! ಜೆಡ್‌ಸಿಡಿ ಸುತ್ತು 10 ಮಾಡಿ. ಬಾಬಿನ್‌ನಲ್ಲಿ ಜಾಗ ಇದೆ, ತೆಳು ತಂತಿ, ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಸ್ಕೋಪ್_ಸುಮಾ:
ಸುತ್ತು ಏರಿಸುವುದರ ಜೊತೆಗೆ ಬಸ್ 415 ಮಾಡಿ. ಬರೀ ಸುತ್ತು ಏರಿಸಿದರೆ 5 ಹೋಗಿ 14 ಕಿಲೋಹರ್ಟ್ಜ್ ಬರುತ್ತದೆ, ಅದೂ ಕೇಳುತ್ತದೆ. 415 ಮಾಡಿದರೆ 270ರಲ್ಲಿ 25 ಕಿಲೋಹರ್ಟ್ಜ್. 15 ವೋಲ್ಟ್ ಏರಿಸಿದ್ದಕ್ಕೆ ಫ್ರೀಕ್ವೆನ್ಸಿ ಹೆಚ್ಚುಕಡಿಮೆ ದುಪ್ಪಟ್ಟು, ಯಾಕೆಂದರೆ 18 ವೋಲ್ಟಿನ ಜಾಗ 33 ಆಯಿತು. ಜೆಡ್‌ಸಿಡಿಯಲ್ಲಿ 3 ವೋಲ್ಟ್ ಸಿಗುತ್ತದೆ.

ಟೋಟೆಮ್_ಪೋಲ್:
ನಿಲ್ಲಿ, ಬಸ್ ವೋಲ್ಟೇಜನ್ನು ಚಿಪ್ಪಿಗೆ ತಿಳಿಸುವ ಫೀಡ್‌ಬ್ಯಾಕ್‌ನ ಮೇಲಿನ ರೆಸಿಸ್ಟರ್ ಎಷ್ಟು? ಎಲ್6562ಎಯ ಓವರ್‌ವೋಲ್ಟೇಜ್ ರಕ್ಷಣೆ ಆ ರೆಸಿಸ್ಟರಿನಲ್ಲಿ 27 ಮೈಕ್ರೋಆಂಪಿಯರ್ ಹೆಚ್ಚಾದಾಗ ಕೆಲಸ ಮಾಡುತ್ತದೆ. 1 ಮೆಗಾಓಮ್ ಆದರೆ 415 ಮೇಲೆ 27, ಅಂದರೆ 442. ಕೆಪಾಸಿಟರ್ 450, ಪರವಾಗಿಲ್ಲ. 2 ಮೆಗಾಓಮ್ ಹಾಕಿದ್ದರೆ 469 ಆಗುತ್ತದೆ, ಕೆಪಾಸಿಟರ್ ಉಬ್ಬುತ್ತದೆ. ಎಲ್ಎಲ್‌ಸಿಯನ್ನೂ 415ರಲ್ಲಿ ಒಮ್ಮೆ ನೋಡಿ, ಅದರ ಫ್ರೀಕ್ವೆನ್ಸಿ ಸ್ವಲ್ಪ ಮೇಲೆ ಹೋಗುತ್ತದೆ.

ಪೀಣ್ಯ_ಬೆಸುಗೆ:
330 ಕಿಲೋಓಮ್‌ನ ಮೂರು ಸಾಲಾಗಿ ಇವೆ, 990. ಕೆಳಗಿನದನ್ನು 6 ಕಿಲೋಓಮ್ ಮಾಡಿದರೆ 415. ಬಚಾವಾದೆ.

ಹಳೇ_ಟ್ರಾನ್ಸ್‌ಫಾರ್ಮರ್:
ಮೂರು ಸಾಲಾಗಿ ಇಟ್ಟಿದ್ದು ಒಳ್ಳೆಯದು. 1206 ಸೈಜಿನ ಒಂದೇ ರೆಸಿಸ್ಟರ್ ಸಾಮಾನ್ಯವಾಗಿ 200 ವೋಲ್ಟ್ ಅಷ್ಟೇ ತಡೆಯುತ್ತದೆ.

ಹಳ್ಳಿ_ಲೈನು:
ಎಂಒವಿ (ವೋಲ್ಟೇಜ್ ಸರ್ಜ್ ತಡೆಯುವ ಭಾಗ) ಯಾವುದು ಹಾಕಿದ್ದೀರಿ? 275 ವೋಲ್ಟಿನದಾದರೆ ತೆಗೆಯಿರಿ. ರಾತ್ರಿಯೆಲ್ಲ 272 ಇರುವ ಊರಿನಲ್ಲಿ ಅದಕ್ಕೆ ಉಸಿರಾಡಲು ಜಾಗ ಇಲ್ಲ. 320ರದ್ದು ಹಾಕಿ. ಇನ್ನೊಂದು, ಕಂಬದಲ್ಲಿ ನ್ಯೂಟ್ರಲ್ ಕಿತ್ತರೆ ಸಿಂಗಲ್ ಫೇಸ್ ಮನೆಗೆ 400ರ ಹತ್ತಿರ ಬರಬಹುದು. ಗಾಳಿ ಮಳೆಯಲ್ಲಿ ನಮ್ಮೂರಲ್ಲಿ ಆಗಿದೆ. ಒಂದು ಬೀದಿಯ ಟಿವಿಗಳೆಲ್ಲ ಹೋದವು.

ಕೊನೆ_ಸೆಮಿಸ್ಟರ್:
ಆಗ ಪಿಎಫ್‌ಸಿ ತಾನೇ ನಿಂತು ಬೋರ್ಡ್ ಕಾಪಾಡುವುದಿಲ್ಲವೇ?

ಸ್ಕೋಪ್_ಸುಮಾ:
ಇಲ್ಲ. ಬೂಸ್ಟ್‌ನಲ್ಲಿ ಮಾಸ್‌ಫೆಟ್ ನಿಂತರೂ ಕಾಯಿಲ್ ಮತ್ತು ಡಯೋಡ್ ಮೂಲಕ ಲೈನಿನಿಂದ ಕೆಪಾಸಿಟರಿಗೆ ನೇರ ದಾರಿ ಇದೆ. 400 ಎಸಿಯ ಪೀಕ್ 566 ವೋಲ್ಟ್ ಸೀದಾ ಹೋಗಿ 450ರ ಕೆಪಾಸಿಟರ್ ಮೇಲೆ ಕೂರುತ್ತದೆ. ತಡೆಯಬೇಕಾದರೆ ಮುಂದೆ ಬೇರೆ ಕಟ್ ಆಫ್ ಬೇಕು. ಬೇರೆ ಥ್ರೆಡ್ ತೆರೆಯೋಣ, ದೊಡ್ಡ ವಿಷಯ.

ಎಸ್ಪಿ_ರೋಡ್_ಗಿರಾಕಿ:
ಸಂಬಂಧ ಇದೆಯೋ ಇಲ್ಲವೋ, ಒಂದು ಕೇಳುತ್ತೇನೆ. ನನ್ನ ಪಿಎಫ್‌ಸಿಯಲ್ಲಿ ಲೋಡ್ ಬದಲಾದಾಗ ಬಸ್ ತುಂಬಾ ನಿಧಾನವಾಗಿ ಸರಿಯಾಗುತ್ತದೆ ಅಂತ ಬಸ್ ವೋಲ್ಟೇಜ್ ಸರಿಪಡಿಸುವ ಫೀಡ್‌ಬ್ಯಾಕ್ ಲೂಪ್ ವೇಗ ಏರಿಸಿದೆ. ಬಸ್ ಗಟ್ಟಿಯಾಯಿತು, ಪವರ್ ಫ್ಯಾಕ್ಟರ್ 0.9ಕ್ಕೆ ಇಳಿಯಿತು. ಯಾಕೆ?

ಟೋಟೆಮ್_ಪೋಲ್:
ಬಸ್ ಮೇಲೆ 100 ಹರ್ಟ್ಜ್ ರಿಪಲ್ ಯಾವಾಗಲೂ ಇರುತ್ತದೆ. ಲೂಪ್ ವೇಗವಾದರೆ ಅದನ್ನೂ ಸರಿ ಮಾಡಲು ಹೋಗುತ್ತದೆ. ಆ 100 ಹರ್ಟ್ಜ್ ಚಿಪ್ಪಿನೊಳಗಿನ ಮಲ್ಟಿಪ್ಲೈಯರ್‌ನಲ್ಲಿ ಲೈನಿನ 50ರ ಜೊತೆ ಗುಣಿಸಿ 150 ಹರ್ಟ್ಜ್ ಆಗುತ್ತದೆ. ಅದೇ ಮೂರನೇ ಹಾರ್ಮೋನಿಕ್, ನೀವೇ ಹುಟ್ಟಿಸಿದ್ದು. ಲೂಪ್ 10ರಿಂದ 20 ಹರ್ಟ್ಜ್ ಒಳಗೆ ಇಡಿ. ನಿಧಾನ ಅನ್ನುವುದು ಪಿಎಫ್‌ಸಿಯ ರೋಗ ಅಲ್ಲ, ಅದು ಹಾಗೇ ಇರಬೇಕು. ವೇಗ ಬೇಕಾದದ್ದು ಹಿಂದಿನ ಎಲ್ಎಲ್‌ಸಿಗೆ.

ಎಸ್ಪಿ_ರೋಡ್_ಗಿರಾಕಿ:
ಎರಡು ವಾರ ಇದರಲ್ಲೇ ಹೋಗಿತ್ತು. ಥ್ಯಾಂಕ್ಸ್.

ಪೀಣ್ಯ_ಬೆಸುಗೆ:
ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಜೆಡ್‌ಸಿಡಿ 10 ಸುತ್ತು, ಬಸ್ 415, ಎಂಒವಿ 320, ಕಾಯಿಲ್‌ಗೆ ವಾರ್ನಿಶ್ (ಫೆರೈಟ್_ಅಂಗಡಿಯವರ ಮಾತಿಗೆ). ಬೆಂಚಿನಲ್ಲಿ 280ರವರೆಗೆ ಓಡಿಸಿದೆ. 275ರ ಮೇಲೆ ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಕೇಳುತ್ತದೆ, ಕಂಬದ ಮೇಲಿದ್ದರೆ ಕೇಳುವುದಿಲ್ಲ. ಕರೆಂಟಿನ ನೆತ್ತಿಯ ಗುಂಡಿ ಹೋಗಿದೆ.

ಆರು ಬೋರ್ಡ್ ತೆಗೆದುಕೊಂಡು ನಾನೇ ಹಳ್ಳಿಗೆ ಹೋದೆ. ರಾತ್ರಿ ಹನ್ನೊಂದೂವರೆಗೆ ಕಂಬದ ಬುಡದಲ್ಲಿ ಮೀಟರ್ 271 ತೋರಿಸುತ್ತಿತ್ತು. ಹಳೇ ಬೋರ್ಡಿನ ಕಂಬ ಕಿರ್ರ್ ಅನ್ನುತ್ತಿತ್ತು, ಹೊಸದರ ಕೆಳಗೆ ಏನೂ ಇಲ್ಲ. ದೂರು ಕೊಟ್ಟಿದ್ದ ಮನೆಯ ಅಜ್ಜಿ ಹೊರಗೆ ಬಂದು ಎರಡೂ ಕಂಬದ ಕೆಳಗೆ ನಿಂತು ಕೇಳಿದರು. ಉಳಿದ ಹದಿನಾಲ್ಕನ್ನೂ ಯಾವಾಗ ಬದಲಿಸುತ್ತೀರಿ ಅಂದರು. ಮುಂದಿನ ಸೋಮವಾರ ಅಂತ ಹೇಳಿ ಬಂದಿದ್ದೇನೆ. ಬಾಬಿನ್ ಆರ್ಡರ್ ಹೋಗಿದೆ.

ಹಳ್ಳಿ_ಲೈನು:
ಸೋಮವಾರ ಹೋದಾಗ ಸಂಜೆ ಪಂಪು ಓಡುವಾಗಲೂ ಒಂದು ಸಲ ಅಳೆದು ಬನ್ನಿ. 170ಕ್ಕಿಂತ ಕೆಳಗೆ ಹೋದರೂ ಆಶ್ಚರ್ಯ ಇಲ್ಲ.

ಪೀಣ್ಯ_ಬೆಸುಗೆ:
ಮೀಟರ್ ಬ್ಯಾಗಿನಲ್ಲೇ ಇದೆ. ಅಳೆದು ಇಲ್ಲೇ ಹಾಕುತ್ತೇನೆ.